ತೇರಿಗೆ ಬ್ರೇಕ್ ಎಲ್ಲಿ ಹಾಕಬೇಕು?

ಹಾಸ್ಟೆಲಿನಲ್ಲಿ ಯಾವ ಆನ್‌ಲೈನ್ ಗೇಮ್ ಆಡಿದರೂ ಕೊನೆಗೆ ಒಂದು ಮಾತು ಬಂದೇ ಬರುತ್ತೆ: "ಆ ಕ್ಯಾರೆಕ್ಟರ್ ತಗೊಂಡ್ರೆ ಯಾರು ಬೇಕಾದ್ರೂ ಗೆಲ್ತಾರೆ ಬಿಡು." ಗಮನಿಸಿ ನೋಡಿ, ಈ ಮಾತು ಸ್ನೈಪರ್ ಬಗ್ಗೆ ಬರೋದು ಕಮ್ಮಿ. ಸ್ನೈಪರ್ ಕೈಲಿ ಸತ್ತರೆ "ಒಳ್ಳೇ ಗುರಿ ಇಟ್ಟ" ಅಂತ ಒಪ್ಕೋತೀವಿ. ಆದರೆ ದಪ್ಪ ರಕ್ಷಾಕವಚದ ಒಬ್ಬ ನಮ್ಮ ಇಡೀ ಮ್ಯಾಗಜೀನ್ ಗುಂಡನ್ನು ಎದೆಗೆ ತಗೊಂಡು, ನಿಧಾನಕ್ಕೆ ನಡೆದು ಬಂದು, ಎರಡೇ ಏಟಿಗೆ ಮುಗಿಸಿಬಿಟ್ಟರೆ ಹೊಟ್ಟೆ ಉರಿಯುತ್ತೆ. ಹೊಡೆದರೂ ಸಾಯಲ್ಲ, ಹೊಡೆದರೆ ಉಳಿಸಲ್ಲ. ಇಂಥ ಕ್ಯಾರೆಕ್ಟರ್‌ಗಳನ್ನ ಬ್ರೂಸರ್, ಹೆವಿ, ಜಗ್ಗರ್‌ನಾಟ್ ಅಂತೆಲ್ಲ ಕರೀತಾರೆ. ಗೇಮ್ ಡಿಸೈನರ್‌ಗಳಿಗೆ ಬ್ಯಾಲೆನ್ಸ್ ಮಾಡಲು ಅತಿ ಹೆಚ್ಚು ಕಾಟ ಕೊಡುವ ಜಾತಿ ಇದು. ಯಾಕೆ ಅನ್ನೋದನ್ನ ಸ್ವಲ್ಪ ಲೆಕ್ಕ ಹಾಕಿಯೇ ನೋಡೋಣ ಅಂತ ಈ ಲೇಖನ.

ಜಗ್ಗರ್‌ನಾಟ್ ಅನ್ನುವ ಪದವೇ ನಮ್ಮ ಕಡೆಯದು. ಪುರಿಯ ಜಗನ್ನಾಥನ ರಥವನ್ನು ಕಂಡ ಯುರೋಪಿಯನ್ನರ ವರ್ಣನೆಗಳಿಂದ ಇಂಗ್ಲಿಷಿಗೆ ಹೋಗಿ, ತಡೆಯಲಾಗದ ದೈತ್ಯಶಕ್ತಿ ಅನ್ನುವ ಅರ್ಥ ಪಡೆದು, ಅಲ್ಲಿಂದ ಗೇಮ್‌ಗಳಿಗೆ ಬಂತು. ಆದರೆ ಊರ ಜಾತ್ರೆಯಲ್ಲಿ ತೇರು ಎಳೆದವರಿಗೆ ಪದದ ಇನ್ನೊಂದು ಮುಖ ಗೊತ್ತು. ತೇರು ಹೊರಟರೆ ಎದುರು ನಿಲ್ಲೋಕಾಗಲ್ಲ ನಿಜ, ಆದರೆ ಅದು ತಾನಾಗಿ ತಿರುಗಲ್ಲ. ಮೂಲೆ ಬಂದರೆ ಗಾಲಿಗೆ ಮರದ ತುಂಡು ಕೊಟ್ಟು, ಹತ್ತಾರು ಜನ ಕೂಗಾಡಿ, ಇಂಚಿಂಚೇ ತಿರುಗಿಸಬೇಕು. ಪಕ್ಕಕ್ಕೆ ಸರಿದವನನ್ನ ತೇರು ಅಟ್ಟಿಸಿಕೊಂಡು ಬರಲ್ಲ. ಒಳ್ಳೆಯ ಜಗ್ಗರ್‌ನಾಟ್ ಕ್ಲಾಸ್ ಕೂಡ ಹೀಗೇ ಇರಬೇಕು ಅನ್ನೋದು ನಮ್ಮ ವಾದ.

ಇಷ್ಟು ತಲೆನೋವಾದರೆ ಅಂಥ ಕ್ಲಾಸನ್ನೇ ತೆಗೆದುಹಾಕಬಹುದಲ್ವಾ ಅಂತ ಕೇಳಬಹುದು. ಬೇಡ. ಎಲ್ಲರ ಮಣಿಕಟ್ಟೂ ಮಿಂಚಿನ ಹಾಗೆ ಓಡಲ್ಲ. ಮುಂದೆ ನಿಂತು ಏಟು ತಿಂದು ಜಾಗ ಹಿಡಿಯೋದರಲ್ಲೇ ಖುಷಿ ಕಾಣುವ ಆಟಗಾರರು ತುಂಬಾ ಜನ ಇದ್ದಾರೆ. ಅವರನ್ನು ಹೊರಗಿಟ್ಟರೆ ಗೇಮ್ ಬರೀ ರಿಯಾಕ್ಷನ್ ಟೈಮ್ ಪರೀಕ್ಷೆ ಆಗುತ್ತೆ. ಹಾಗಂತ ಅವರ ಏಟು ಹತ್ತಿ ಬೀಸಣಿಗೆ ಥರ ಇದ್ದರೆ ಎದುರಾಳಿ ಅವರನ್ನ ಲೆಕ್ಕಕ್ಕೇ ತಗೊಳ್ಳಲ್ಲ, ದಾಟಿ ಹಿಂದಿನವರನ್ನ ಹೊಡೀತಾನೆ. ಮುಂದೆ ನಿಂತವನಿಗೆ ಹೆದರಲು ಏನಾದರೂ ಕಾರಣ ಬೇಕು. ಹಾಗಾಗಿ ಡ್ಯಾಮೇಜ್ ಕೊಡಲೇಬೇಕು. ಸಮಸ್ಯೆ ಶುರುವಾಗೋದು ಅಲ್ಲಿಂದಲೇ.

ಈಗ ಲೆಕ್ಕ. ಇಬ್ಬರು ಎದುರುಬದುರು ನಿಂತು ಹೊಡೆದಾಡ್ತಾರೆ ಅಂದುಕೊಳ್ಳಿ. ಒಬ್ಬನಿಗೆ 1000 ಹೆಲ್ತ್, ಸೆಕೆಂಡಿಗೆ 100 ಡ್ಯಾಮೇಜ್. ಇವನನ್ನ ಬಿಲ್ಲುಗಾರ ಅನ್ನೋಣ. ಇನ್ನೊಬ್ಬನಿಗೆ 2000 ಹೆಲ್ತ್, ಸೆಕೆಂಡಿಗೆ 50 ಡ್ಯಾಮೇಜ್. ಇಬ್ಬರೂ ಸರಿಯಾಗಿ 20ನೇ ಸೆಕೆಂಡಿಗೆ ಸಾಯ್ತಾರೆ. ಅಂದ್ರೆ ಮುಖಾಮುಖಿ ಕಾಳಗದಲ್ಲಿ ಒಬ್ಬನ ಬಲ ಅಂದರೆ ಹೆಲ್ತ್ ಮತ್ತು ಡ್ಯಾಮೇಜ್‌ನ ಗುಣಲಬ್ಧ. ಕೂಡಿಸೋದಲ್ಲ, ಗುಣಿಸೋದು. ಇದನ್ನ ಮರೆತಾಗಲೇ ಪ್ಯಾಚ್‌ಗಳು ಎಡವಟ್ಟಾಗೋದು. "ಸ್ವಲ್ಪ ವೀಕ್ ಇದ್ದಾನೆ, ಹೆಲ್ತ್ ಶೇ. 20 ಏರಿಸಿ, ಡ್ಯಾಮೇಜ್ ಶೇ. 20 ಏರಿಸಿ" ಅಂದರೆ ಬಲ ಏರಿದ್ದು ಶೇ. 20 ಅಲ್ಲ, ಶೇ. 44. ಬರೀ ಹೆಲ್ತ್ ಇರುವ ಟ್ಯಾಂಕಿಗೋ ಬರೀ ಡ್ಯಾಮೇಜ್ ಇರುವ ಗನ್ನರ್‌ಗೋ ಈ ಅಪಾಯ ಇಲ್ಲ. ಅವರ ಒಂದು ನಾಬ್ ಮಾತ್ರ ತಿರುಗಿಸ್ತೀವಿ. ಜಗ್ಗರ್‌ನಾಟ್‌ನ ಎರಡೂ ನಾಬ್ ಒಟ್ಟಿಗೆ ಮೇಲಿರೋದರಿಂದ ಸಣ್ಣ ಬದಲಾವಣೆಯೂ ದೊಡ್ಡದಾಗಿ ಬಡಿಯುತ್ತೆ. ಕಂಟ್ರೋಲ್ ಸಿಸ್ಟಮ್ಸ್ ಓದಿದವರ ಭಾಷೆಯಲ್ಲಿ ಹೇಳೋದಾದ್ರೆ, ಗೇನ್ ಜಾಸ್ತಿ.

ಇದರ ಮೇಲೆ ಆರ್ಮರ್ ಬೇರೆ. ಲೀಗ್ ಆಫ್ ಲೆಜೆಂಡ್ಸ್‌ನಲ್ಲಿ ಆರ್ಮರ್ 100 ಇದ್ದರೆ ಭೌತಿಕ ಡ್ಯಾಮೇಜ್ ಅರ್ಧಕ್ಕೆ ಇಳಿಯುತ್ತೆ, 150 ಇದ್ದರೆ ಶೇ. 60 ಕಡಿತ, 200 ಇದ್ದರೆ ಸುಮಾರು ಶೇ. 67. ಮೊದಲ 100ಕ್ಕೆ ಶೇ. 50 ಸಿಕ್ಕಿತು, ಮುಂದಿನ 100ಕ್ಕೆ ಬರೀ 17, ಹಾಗಾಗಿ ಜಾಸ್ತಿ ಆರ್ಮರ್ ತಗೊಳ್ಳೋದು ದಂಡ ಅಂತ ಹೊಸಬರು ಅಂದುಕೊಳ್ಳೋದುಂಟು. ಸಾಯಿಸಲು ಎಷ್ಟು ಡ್ಯಾಮೇಜ್ ಬೇಕು ಅಂತ ತಿರುಗಿಸಿ ಕೇಳಿ. 2000 ಹೆಲ್ತ್ ಇರುವವನಿಗೆ 100 ಆರ್ಮರ್ ಇದ್ದರೆ 4000, 150 ಇದ್ದರೆ 5000, 200 ಇದ್ದರೆ 6000. ನೇರ ಗೆರೆ. ಕಡಿಮೆ ಆಗ್ತಿರೋದು ಪರದೆ ಮೇಲಿನ ಶೇಕಡಾವಾರು ಮಾತ್ರ, ಲಾಭ ಅಲ್ಲ.

ಅದಕ್ಕಿಂತ ಮೋಸದ್ದು ಹೀಲಿಂಗ್. 1000 ಹೆಲ್ತ್ ಇರುವವನಿಗೆ ಸೆಕೆಂಡಿಗೆ 100 ಹೊಡೀತಾ ಇದ್ದೀರಿ. ಹೀಲಿಂಗ್ ಇಲ್ಲದಿದ್ದರೆ 10 ಸೆಕೆಂಡ್. ಸೆಕೆಂಡಿಗೆ 50 ಹೀಲ್ ಇದ್ದರೆ 20 ಸೆಕೆಂಡ್. 80 ಇದ್ದರೆ 50 ಸೆಕೆಂಡ್. 90 ಇದ್ದರೆ 100 ಸೆಕೆಂಡ್. 80ರಿಂದ 90ಕ್ಕೆ ಹೋಗೋದು ಪ್ಯಾಚ್ ನೋಟ್‌ನಲ್ಲಿ ಯಾರ ಕಣ್ಣಿಗೂ ಬೀಳದ ಸಾಲು, ಆದರೆ ಅವನ ಆಯಸ್ಸು ದುಪ್ಪಟ್ಟು. 100 ಆದರೆ ಅವನು ಸಾಯೋದೇ ಇಲ್ಲ. ಛೇದ ಸೊನ್ನೆ ಹತ್ತಿರ ಹೋದರೆ ಏನಾಗುತ್ತೆ ಅಂತ ಎಂ-1ರಲ್ಲೇ ಕಲಿತಿದ್ದೀವಲ್ಲ, ಅದೇ ಇದು.

ಹಾಗಾದರೆ ಹೆಲ್ತೂ ಡ್ಯಾಮೇಜೂ ಎರಡನ್ನೂ ಕೊಟ್ಟಮೇಲೆ ಬ್ರೇಕ್ ಎಲ್ಲಿ? ಮೊದಲ ಲೆಕ್ಕಕ್ಕೇ ವಾಪಸ್ ಹೋಗೋಣ. ನಮ್ಮ 2000 ಹೆಲ್ತ್‌ನವನಿಗೆ ಸೆಕೆಂಡಿಗೆ 80 ಡ್ಯಾಮೇಜ್ ಕೊಟ್ಟೆವು ಅಂದುಕೊಳ್ಳಿ. ಬಿಲ್ಲುಗಾರನನ್ನ 12.5 ಸೆಕೆಂಡಲ್ಲಿ ಮುಗಿಸ್ತಾನೆ, ಅಷ್ಟರಲ್ಲಿ ತಾನು ಕಳಕೊಂಡಿರೋದು 1250 ಮಾತ್ರ. ಆದರೆ ಬಿಲ್ಲುಗಾರ 15 ಮೀಟರ್ ದೂರದಲ್ಲಿ ನಿಂತು ಹೊಡೆಯಲು ಶುರುಮಾಡಿ, ಸೆಕೆಂಡಿಗೆ 3 ಮೀಟರ್ ಹಿಂದೆ ಸರೀತಾ ಇರ್ತಾನೆ. ದಪ್ಪಗಿನವನ ವೇಗ 5. ಅಂತರ ಕಮ್ಮಿ ಆಗೋದು ಸೆಕೆಂಡಿಗೆ 2 ಮೀಟರ್, ಮುಟ್ಟೋಕೆ 7.5 ಸೆಕೆಂಡ್ ಬೇಕು. 7.5ಕ್ಕೆ 12.5 ಕೂಡಿಸಿದರೆ ಸರಿಯಾಗಿ 20 ಸೆಕೆಂಡ್. ಇಬ್ಬರೂ ಒಟ್ಟಿಗೆ ಬೀಳ್ತಾರೆ. ಕಾಗದದ ಮೇಲೆ ಅನ್ಯಾಯ ಅನ್ನಿಸಿದ ಕ್ಲಾಸು ಈಗ ಸಮಬಲ. ಸಮ ಮಾಡಿದ್ದು ದೂರ.

ಈಗ ಅವನ ವೇಗವನ್ನ ಬರೀ ಶೇ. 20 ಏರಿಸಿ. 5 ಇದ್ದದ್ದು 6. ಅಂತರ ಸೆಕೆಂಡಿಗೆ 3 ಮೀಟರ್ ಕಮ್ಮಿ ಆಗುತ್ತೆ, 5 ಸೆಕೆಂಡಿಗೇ ಮುಟ್ತಾನೆ, 250 ಹೆಲ್ತ್ ಉಳಿಸಿಕೊಂಡು ಗೆಲ್ತಾನೆ. ಹೆಲ್ತ್ ಮುಟ್ಟಿಲ್ಲ, ಡ್ಯಾಮೇಜ್ ಮುಟ್ಟಿಲ್ಲ. ವೇಗ ಶೇ. 20 ಏರಿದರೆ ಅಂತರ ಮುಚ್ಚುವ ವೇಗ ಶೇ. 50 ಏರಿತು, ಯಾಕಂದ್ರೆ ಅಲ್ಲಿ ಲೆಕ್ಕಕ್ಕೆ ಬರೋದು ಸಾಪೇಕ್ಷ ವೇಗ. ಈ ಲೇಖನದಲ್ಲಿ ಒಂದೇ ಒಂದು ವಿಷಯ ನೆನಪಿಟ್ಟುಕೊಳ್ಳೋದಾದರೆ ಇದನ್ನೇ ಇಟ್ಟುಕೊಳ್ಳಿ. ಮುಂದಿನ ಕಥೆಗಳೆಲ್ಲ ಇದರ ಮೇಲೇ ನಿಂತಿವೆ.

ವಾಲ್ವ್ ಕಂಪನಿಯ ಟೀಮ್ ಫೋರ್ಟ್ರೆಸ್ 2, 2007ರ ಗೇಮ್. ಅದರ ಹೆವಿಗೆ 300 ಹೆಲ್ತ್, ಸ್ಕೌಟ್‌ಗೆ 125. ಹೆವಿಯ ಮಿನಿಗನ್‌ಗೆ ಹತ್ತಿರದಲ್ಲಿ ಸಿಕ್ಕ ಸ್ಕೌಟ್ ಒಂದು ಸೆಕೆಂಡೂ ಬಾಳಲ್ಲ. ಹಿಂದೆ ಒಬ್ಬ ಮೆಡಿಕ್ ನಿಂತರೆ ಆ 300 ತಾತ್ಕಾಲಿಕವಾಗಿ 450ರವರೆಗೂ ಏರುತ್ತೆ. ಆದರೂ ಗಂಭೀರವಾಗಿ ಆಡುವ ಆರು-ಆರರ ಪಂದ್ಯಗಳಲ್ಲಿ ಹೆವಿ ಹೆಚ್ಚಾಗಿ ಕಾಣೋದು ತನ್ನ ಕೊನೆಯ ಪಾಯಿಂಟ್ ಕಾಯುವಾಗ. ಯಾಕಂದ್ರೆ ಅವನ ವೇಗ ಸಾಮಾನ್ಯ ವೇಗದ ಶೇ. 77 ಮಾತ್ರ, ಗುಂಡು ಹಾರಿಸುವ ಮುಂಚೆ ಗನ್ನು ತಿರುಗಿ ಸಿದ್ಧವಾಗಲು ಸಮಯ ಬೇಕು, ತಿರುಗುವಾಗ ಇನ್ನೂ ನಿಧಾನ. ಹಿಂದಿನಿಂದ ಸ್ಪೈ ಬಂದು ಚುಚ್ಚಿದರೆ 450 ಇದ್ದರೂ ಒಂದೇ ಏಟು. ಶುದ್ಧ ತೇರು. ಎದುರು ಬಂದರೆ ಗತಿ ಇಲ್ಲ, ಪಕ್ಕಕ್ಕೆ ಸರಿದರೆ ಭಯ ಇಲ್ಲ. ಇಷ್ಟು ವರ್ಷವಾದರೂ ಹೆವಿಯನ್ನ ಜನ ಬೈಯೋದಕ್ಕಿಂತ ಪ್ರೀತಿಸೋದೇ ಹೆಚ್ಚು. ಸ್ಯಾಂಡ್‌ವಿಚ್ ತಿನ್ನೋದೂ ಒಂದು ಕಾರಣ ಇರಬಹುದು.

2015ರ ಆಗಸ್ಟಿನಲ್ಲಿ ಲೀಗ್ ಆಫ್ ಲೆಜೆಂಡ್ಸ್ 5.16 ಪ್ಯಾಚ್‌ನಲ್ಲಿ ರಾಯಟ್ ಕಂಪನಿ ಜಗ್ಗರ್‌ನಾಟ್ ಅನ್ನೋದನ್ನೇ ಒಂದು ವರ್ಗವಾಗಿ ರೂಪಿಸಿ ಡೇರಿಯಸ್, ಗ್ಯಾರೆನ್, ಮಾರ್ಡೆಕೈಸರ್, ಸ್ಕಾರ್ನರ್ ನಾಲ್ವರನ್ನೂ ತಿದ್ದಿತು. ಯೋಚನೆ ಸರಿಯಾಗೇ ಇತ್ತು: ಗಟ್ಟಿ ದೇಹ, ಭಾರೀ ಏಟು, ಬದಲಿಗೆ ಓಟ ಕಡಿಮೆ, ಕೈ ಚಿಕ್ಕದು. ದೂರ ನಿಂತು ಹೊಡೆದು ಹಿಂದೆ ಸರಿಯುವವನಿಗೆ ಅವಕಾಶ ಇರಬೇಕು. ಆದರೆ ಮಾರ್ಡೆಕೈಸರ್‌ಗೆ ಕೊಟ್ಟ ಒಂದು ಶಕ್ತಿ ಎಲ್ಲ ಕೆಡಿಸಿತು. ಅವನು ಡ್ರ್ಯಾಗನ್‌ನ ಪ್ರೇತವನ್ನ ತನ್ನ ಸೇವಕನಾಗಿ ಮಾಡಿಕೊಂಡು ಓಡಾಡಿಸಬಹುದಿತ್ತು. ತಾನು ನಿಧಾನ, ಆದರೆ ಪ್ರೇತ ಹೋಗಿ ಗೋಪುರ ಒಡೆಯುತ್ತೆ! ತೇರು ತಿರುಗಲ್ಲ ಸರಿ, ಮೇಲೆ ಹಾರುವ ಪ್ರಾಣಿ ಕಟ್ಟಿದರೆ? ಆ ವರ್ಷದ ವಿಶ್ವ ಚಾಂಪಿಯನ್‌ಶಿಪ್ ಪ್ಯಾಚ್ ಬಂದ ಸ್ವಲ್ಪವೇ ದಿನಕ್ಕೆ ಶುರುವಾಯ್ತು, ಅಲ್ಲಿ ಮಾರ್ಡೆಕೈಸರ್ ಬಹುತೇಕ ಎಲ್ಲ ಪಂದ್ಯಗಳಲ್ಲೂ ಒಂದೋ ಬ್ಯಾನ್, ಇಲ್ಲ ಆಯ್ಕೆ. ದೊಡ್ಡ ಟೂರ್ನಿಯ ಹೊಸ್ತಿಲಲ್ಲಿ ಇಂಥ ಬದಲಾವಣೆ ತರಬಾರದಿತ್ತು ಅಂತ ಆಗ ತುಂಬಾ ಜನ ಗೊಣಗಿದರು, ನಮಗೂ ಅದು ಸರಿ ಅನ್ನಿಸುತ್ತೆ. ಸೆಮ್ ಎಕ್ಸಾಮಿಗೆ ಒಂದು ವಾರ ಇರುವಾಗ ಸಿಲಬಸ್ ಬದಲಿಸಿದ ಹಾಗೆ.

ಈಗ ನಿಜವಾದ ದೊಡ್ಡ ಕಥೆ. ಓವರ್‌ವಾಚ್.

ಬ್ಲಿಝಾರ್ಡ್‌ನ ಈ ಗೇಮ್‌ನಲ್ಲಿ ಆಗ ಒಂದು ತಂಡಕ್ಕೆ ಆರು ಜನ, ಯಾರು ಯಾವ ಹೀರೋ ಬೇಕಾದರೂ ತಗೊಳ್ಳಬಹುದಿತ್ತು. 2018ರ ಮಾರ್ಚಿನಲ್ಲಿ ಬ್ರಿಜಿಟ್ ಅನ್ನೋ ಹೊಸ ಹೀರೋ ಬಂದಳು. ಹೆಸರಿಗೆ ಹೀಲರ್, ಕೈಯಲ್ಲಿ ಗುರಾಣಿ, ಗದೆಯ ಥರದ ಆಯುಧ, ಹೊಡೆದರೆ ಸುತ್ತಲಿನ ಸ್ನೇಹಿತರಿಗೆ ಹೀಲಿಂಗ್. ಆ ವರ್ಷವೇ ಅಮೆರಿಕದ ಕೆಳಹಂತದ ಸ್ಪರ್ಧೆಯಲ್ಲಿ ಗೋಟ್ಸ್ ಅನ್ನುವ ತಂಡ ಮೂರು ಟ್ಯಾಂಕ್, ಮೂರು ಸಪೋರ್ಟ್ ಇಟ್ಟುಕೊಂಡು ಆಡಿ ಗೆಲ್ಲತೊಡಗಿತು. ಶುದ್ಧ ಡ್ಯಾಮೇಜ್ ಹೀರೋ ಒಬ್ಬರೂ ಇಲ್ಲ. ಆಟದ ಶೈಲಿಗೇ ಗೋಟ್ಸ್ ಅಂತ ಹೆಸರು ಬಿತ್ತು. ರೈನ್‌ಹಾರ್ಟ್, ಝಾರ್ಯಾ, ಡಿ.ವಾ ಮುಂದೆ, ಲೂಸಿಯೋ, ಬ್ರಿಜಿಟ್ ಜೊತೆ ಮೊಯಿರಾ ಅಥವಾ ಝೆನ್ಯಾಟಾ ಹಿಂದೆ. ನಿಧಾನಕ್ಕೆ ಇದು ವೃತ್ತಿಪರ ಲೀಗನ್ನೇ ನುಂಗಿತು. 2019ರ ಮೊದಲರ್ಧದ ಪಂದ್ಯಗಳನ್ನ ಈಗ ನೋಡಿದರೆ ಎರಡೂ ಕಡೆ ಅದೇ ಆರು ಮುಖ, ಒಂದು ಮೂಲೆಯಲ್ಲಿ ಮುದ್ದೆಯಾಗಿ ಡಿಕ್ಕಿ ಹೊಡೆಯೋದು, ಪದೇ ಪದೇ.

ಯಾಕೆ ಅಷ್ಟು ಗಟ್ಟಿ? ಮೇಲಿನ ಮೂರೂ ಲೆಕ್ಕ ಇಲ್ಲಿ ಒಟ್ಟಿಗೆ ಕೂತಿವೆ. ಮೂವರ ಹೆಲ್ತ್ ಮತ್ತು ಡ್ಯಾಮೇಜ್ ಎರಡೂ ಇದೆ. ಅದರಲ್ಲೂ ಝಾರ್ಯಾಳ ಗುಳ್ಳೆಗೆ ನೀವು ಹೊಡೆದ ಏಟೇ ಅವಳಿಗೆ ಶಕ್ತಿ, ಪೂರ್ತಿ ತುಂಬಿದರೆ ಅವಳ ಡ್ಯಾಮೇಜ್ ದುಪ್ಪಟ್ಟು. ಮೂವರು ಸಪೋರ್ಟ್ ಇರೋದರಿಂದ ಹೀಲಿಂಗ್ ಛೇದವನ್ನ ಸೊನ್ನೆ ಹತ್ತಿರಕ್ಕೆ ತಳ್ಳುತ್ತೆ, ಚಿಕ್ಕ ಚಿಕ್ಕ ಏಟುಗಳು ವ್ಯರ್ಥ. ಆದರೆ ಇವೆರಡೂ ಇದ್ದೂ ರೈನ್‌ಹಾರ್ಟ್‌ನ ಸುತ್ತಿಗೆ ಕೈಯಳತೆಯಷ್ಟೇ ದೂರ ಹೋಗೋದು. ದೂರದಿಂದ ಹೊಡೆಯುವವರು ಅವನನ್ನ ಆಟ ಆಡಿಸಬೇಕಿತ್ತಲ್ಲ? ಆಡಿಸೋಕಾಗಲಿಲ್ಲ, ಲೂಸಿಯೋ ಇದ್ದ. ಅವನ ಹಾಡಿನ ಒಂದು ರೂಪ ಇಡೀ ತಂಡದ ವೇಗ ಏರಿಸುತ್ತೆ. ನಮ್ಮ ಲೆಕ್ಕದಲ್ಲಿ 5 ಇದ್ದದ್ದು 6 ಆದಾಗ ಏನಾಯ್ತು ನೋಡಿದ್ರಲ್ಲ, ಅದೇ. ಪ್ರತಿ ಟ್ಯಾಂಕಿಗೂ ಪ್ರತ್ಯೇಕವಾಗಿ ಇಟ್ಟ ಬ್ರೇಕನ್ನ ಬೇರೊಬ್ಬ ಬಂದು ಒಟ್ಟಿಗೇ ಬಿಚ್ಚಿಬಿಟ್ಟ. ಗೋಟ್ಸ್ ಅಂದರೆ ಬ್ರಿಜಿಟ್ ತಪ್ಪು ಅಂತ ಹೇಳೋರೇ ಜಾಸ್ತಿ. ನಮ್ಮ ಪ್ರಕಾರ ಅರ್ಧ ಅಪರಾಧ ಲೂಸಿಯೋನದು, ಪಾಪ ಅವನು ನಗುನಗ್ತಾ ಇರೋದರಿಂದ ಯಾರೂ ಬೈಯಲ್ಲ.

ಬ್ಲಿಝಾರ್ಡ್ ಸುಮ್ಮನಿರಲಿಲ್ಲ. ಬ್ರಿಜಿಟ್‌ಳನ್ನ ಮತ್ತೆ ಮತ್ತೆ ಕತ್ತರಿಸಿದರು. 2019ರ ಜನವರಿಯಲ್ಲಿ ಆರ್ಮರ್ ಪ್ರತಿ ಗುಂಡಿಗೆ ತಡೆಯುತ್ತಿದ್ದ ಡ್ಯಾಮೇಜನ್ನ 5ರಿಂದ 3ಕ್ಕೆ ಇಳಿಸಿದರು, ಟ್ಯಾಂಕ್ ಸೀಳುವ ರೀಪರ್‌ನ ಬಲ ಏರಿಸಿದರು. ಗೋಟ್ಸ್ ಅಲುಗಾಡಿತು, ಬೀಳಲಿಲ್ಲ. ಸಂಖ್ಯೆ ಇಳಿಸಿದರೆ ಆ ಹೀರೋ ಎಲ್ಲ ಕಡೆ ದುರ್ಬಲ ಆಗ್ತಾನೆ, ಆದರೆ ಆರು ಜನ ಒಟ್ಟಿಗೆ ಕೂಡಿದಾಗಿನ ಗುಣಾಕಾರ ಹಾಗೇ ಉಳಿಯುತ್ತೆ.

ಸ್ವಾರಸ್ಯ ಏನಂದ್ರೆ, ಅದನ್ನ ಮೈದಾನದಲ್ಲೇ ಮುರಿದವರೂ ಇದ್ದರು. ಶಾಂಘೈ ಡ್ರ್ಯಾಗನ್ಸ್ 2018ರ ಸೀಸನ್‌ನ 40 ಪಂದ್ಯಗಳಲ್ಲಿ 40ನ್ನೂ ಸೋತ ತಂಡ. ಅದೇ ತಂಡ 2019ರ ಜುಲೈನಲ್ಲಿ ಮೂರನೇ ಹಂತದ ಫೈನಲ್‌ನಲ್ಲಿ ಡ್ಯಾಮೇಜ್ ಹೀರೋಗಳನ್ನ ನೆಚ್ಚಿಕೊಂಡು ಆಡಿ, ಬಲಿಷ್ಠ ಸ್ಯಾನ್ ಫ್ರಾನ್ಸಿಸ್ಕೋ ಶಾಕ್ ತಂಡವನ್ನ ಸೋಲಿಸಿ ಗೆದ್ದಿತು. ಆದರೆ ಅಷ್ಟರಲ್ಲಿ ನಿರ್ಧಾರ ಆಗಿಹೋಗಿತ್ತು. ಅದೇ ತಿಂಗಳ ಕೊನೆಯ ವಾರ ನಾಲ್ಕನೇ ಹಂತದಿಂದ ಲೀಗ್‌ನಲ್ಲಿ ಎರಡು ಟ್ಯಾಂಕ್, ಎರಡು ಡ್ಯಾಮೇಜ್, ಎರಡು ಸಪೋರ್ಟ್ ಕಡ್ಡಾಯ. ಸಾಮಾನ್ಯ ಆಟಗಾರರಿಗೂ ಅದೇ ನಿಯಮ ಬಂತು. ಇನ್ನೂ ಆರು ತಿಂಗಳು ಬಿಟ್ಟಿದ್ದರೆ ಆಟಗಾರರೇ ಉತ್ತರ ಕಂಡುಹಿಡೀತಿದ್ರಾ? ಈ ಬಗ್ಗೆ ನಮ್ಮ ಸಂಪಾದಕ ಬಳಗದಲ್ಲೇ ಎರಡು ಗುಂಪು ಇದೆ. ವಾರಗಟ್ಟಲೆ ಒಂದೇ ಥರದ ಪಂದ್ಯ ನೋಡಿದ ಪ್ರೇಕ್ಷಕನಿಗೆ ಕಾಯುವ ವ್ಯವಧಾನ ಇರೋದಿಲ್ಲ ಅನ್ನೋದಂತೂ ನಿಜ. ಬೆಲೆಯನ್ನೂ ತೆತ್ತರು: ಟ್ಯಾಂಕ್ ಆಡೋರು ಕಡಿಮೆ, ಡ್ಯಾಮೇಜ್ ಆಡೋರು ಜಾಸ್ತಿ, ಹಾಗಾಗಿ ಡ್ಯಾಮೇಜ್ ಕ್ಯೂನಲ್ಲಿ ಕಾದು ಕಾದು ಸಾಕಾಗೋದು.

2022ರ ಅಕ್ಟೋಬರ್‌ನಲ್ಲಿ ಓವರ್‌ವಾಚ್ 2 ಬಂದಾಗ ತಂಡ ಐದಕ್ಕೆ ಇಳಿಯಿತು, ಟ್ಯಾಂಕ್ ಒಬ್ಬನೇ. ಒಬ್ಬನೇ ಇರೋದರಿಂದ ಅವನನ್ನ ಇನ್ನೂ ಗಟ್ಟಿ, ಇನ್ನೂ ಬಲಶಾಲಿ ಮಾಡಬೇಕಾಯ್ತು. ಇಬ್ಬರು ತೇರುಗಳ ಸಮಸ್ಯೆ ಹೋಗಿ ಒಂದೇ ದೊಡ್ಡ ತೇರಿನ ಸಮಸ್ಯೆ. ಅದರಲ್ಲಿ ರೋಡ್‌ಹಾಗ್‌ನ ಪ್ರಸಂಗ ಹೇಳಲೇಬೇಕು. ಕೊಕ್ಕೆ ಎಸೆದು ಎದುರಾಳಿಯನ್ನ ತನ್ನ ಹತ್ತಿರಕ್ಕೇ ಎಳಕೊಳ್ಳುವ ದಪ್ಪಗಿನ ಹೀರೋ. ಅಂದ್ರೆ ತೇರು ನಿಮ್ಮನ್ನ ಅಟ್ಟಿಸಿಕೊಂಡು ಬರಲ್ಲ, ಹಗ್ಗ ಹಾಕಿ ನಿಮ್ಮನ್ನೇ ಗಾಲಿ ಕೆಳಗೆ ಎಳೀತದೆ. ಕೊಕ್ಕೆ, ಒಂದು ಗುಂಡು, ಒಂದು ಗುದ್ದು, ಇಷ್ಟಕ್ಕೆ 200 ಹೆಲ್ತ್‌ನ ಹೀರೋ ಖಲಾಸ್. 2023ರ ಜನವರಿಯಲ್ಲಿ ಕೊಕ್ಕೆಯ ಡ್ಯಾಮೇಜನ್ನ 30ರಿಂದ 5ಕ್ಕೆ ಇಳಿಸಿದರು, ಗುಂಡನ್ನೂ ತುಸು ತಗ್ಗಿಸಿದರು. ಒಟ್ಟು ಡ್ಯಾಮೇಜ್ 200ರ ಈಚೆಗೆ ಬಂತು. 205 ಮತ್ತು 195ರ ನಡುವೆ ಇರೋದು ಶೇ. 5ರ ವ್ಯತ್ಯಾಸ ಅಲ್ಲ. 205 ಅಂದ್ರೆ ಸಾವು. 195 ಅಂದ್ರೆ ಓಡಿಹೋಗಲು, ಗೆಳೆಯ ಬಂದು ಹೀಲ್ ಮಾಡಲು, ಏನೋ ಒಂದು ಮಾಡಲು ಅರ್ಧ ಸೆಕೆಂಡ್. ಸೋತವನಿಗೆ ಆ ಅರ್ಧ ಸೆಕೆಂಡ್ ಇತ್ತಾ ಇಲ್ವಾ ಅನ್ನೋದರ ಮೇಲೇ ನಾಳೆ ಅವನು ಮತ್ತೆ ಲಾಗಿನ್ ಆಗ್ತಾನಾ ಅನ್ನೋದು ನಿಂತಿರುತ್ತೆ.

ಯಾರ ಮಟ್ಟಕ್ಕೆ ಬ್ಯಾಲೆನ್ಸ್ ಮಾಡೋದು ಅನ್ನೋದೂ ಸಣ್ಣ ಪ್ರಶ್ನೆ ಅಲ್ಲ. ಗ್ಯಾರೆನ್ ಕೆಳಗಿನ ರ‍್ಯಾಂಕ್‌ಗಳಲ್ಲಿ ಭಯಂಕರ, ವೃತ್ತಿಪರ ಪಂದ್ಯಗಳಲ್ಲಿ ಅಪರೂಪದ ಅತಿಥಿ. ದೂರ ಕಾಯ್ದುಕೊಂಡು ಹೊಡೆಯೋದು ಒಂದು ಕಲೆ, ಅದು ಗೊತ್ತಿಲ್ಲದವರ ಲೋಕದಲ್ಲಿ ಅವನ ಬ್ರೇಕ್ ಕೆಲಸವೇ ಮಾಡಲ್ಲ. ರಾಯಟ್ 2019ರಲ್ಲಿ ಪ್ರಕಟಿಸಿದ ತನ್ನ ಬ್ಯಾಲೆನ್ಸ್ ನೀತಿಯಲ್ಲಿ ಆಟಗಾರರನ್ನ ಸಾಮಾನ್ಯ, ನುರಿತ, ಅಗ್ರಶ್ರೇಣಿ, ವೃತ್ತಿಪರ ಅಂತ ನಾಲ್ಕು ಮಾಡಿ, ಯಾವುದೇ ಒಂದು ಗುಂಪಿನಲ್ಲಿ ಮಿತಿ ಮೀರಿದರೂ ಆ ಚಾಂಪಿಯನ್‌ನ ಬಲ ಇಳಿಸ್ತೀವಿ ಅಂತ ಹೇಳಿತು. ಎಲ್ಲರ ಸರಾಸರಿ ಗೆಲುವು ಶೇ. 50 ಇದೆ ಅಂತ ತೃಪ್ತಿಪಟ್ಟುಕೊಂಡರೆ, ಕೆಳಗೆ 55, ಮೇಲೆ 45 ಇರೋದು ಕಾಣೋದೇ ಇಲ್ಲ.

ನಮ್ಮಲ್ಲಿ ಫೆಸ್ಟಿಗೋ ಮಿನಿ ಪ್ರಾಜೆಕ್ಟಿಗೋ ಯೂನಿಟಿ, ಗೊಡೊ ಹಿಡಿದು ಗೇಮ್ ಮಾಡೋರು ಇದ್ದೀರಿ. ನಿಮ್ಮ ದಪ್ಪ ಕ್ಯಾರೆಕ್ಟರ್ ಜಾಸ್ತಿ ಗೆಲ್ತಿದ್ದರೆ ತಕ್ಷಣ ಹೆಲ್ತ್ ಕತ್ತರಿಸಬೇಡಿ. ಹಾಗೆ ಮಾಡಿದರೆ ಅವನು ಬರೀ ಒಬ್ಬ ಸಾಧಾರಣ ಸಿಪಾಯಿ ಆಗ್ತಾನೆ, ಆಡೋರಿಗೆ ಕಾರಣವೇ ಉಳಿಯಲ್ಲ. ಮೊದಲು ನಿಮ್ಮ ಮ್ಯಾಪ್ ನೋಡಿ. ಮೇಲಿನ ಉದಾಹರಣೆಯಲ್ಲಿ 15 ಮೀಟರ್ ಅಂತ ನಾವು ಸಲೀಸಾಗಿ ಬರೆದೆವು, ಆದರೆ ಆ 15 ಮೀಟರನ್ನ ಕೊಡೋದು ಬಿಲ್ಲುಗಾರನಲ್ಲ, ಮ್ಯಾಪ್ ಮಾಡಿದವನು. ನಡುವೆ ಒಂದು ಗೋಡೆ ಬಂದು ಇಬ್ಬರೂ ಒಬ್ಬರಿಗೊಬ್ಬರು ಕಾಣೋದು 7.5 ಮೀಟರಿನಲ್ಲಿ ಅಂದರೆ ದಪ್ಪಗಿನವನು 375 ಹೆಲ್ತ್ ಉಳಿಸಿಕೊಂಡು ಗೆಲ್ತಾನೆ. ಗೋಡೆ ಬಿಲ್ಲುಗಾರನ ಬೆನ್ನಿಗೇ ಇದ್ದು ಹಿಂದೆ ಸರಿಯೋಕೆ ಆಗದಿದ್ದರೆ, 15 ಮೀಟರ್ ಪೂರ್ತಿ ಇದ್ದರೂ ಅವನು 3 ಸೆಕೆಂಡಲ್ಲಿ ಮುಟ್ತಾನೆ, 450 ಉಳಿಯುತ್ತೆ. ಓಣಿಗಳೇ ತುಂಬಿದ ಮ್ಯಾಪಿಗೆ ಒಂದು ಬಾಗಿಲು, ಒಂದು ಮಹಡಿ, ಸುತ್ತಿ ಬರುವ ಒಂದು ದಾರಿ ಸೇರಿಸಿ ಮತ್ತೆ ಆಡಿಸಿ. ಆಡಿಸುವಾಗ ತಂಡದಲ್ಲಿ ವೇಗ ಏರಿಸುವ, ಎಳೆಯುವ, ಕಟ್ಟಿಹಾಕುವ ಶಕ್ತಿ ಯಾರಿಗೆಲ್ಲ ಇದೆ ಅಂತ ಪಟ್ಟಿ ಮಾಡಿಟ್ಟುಕೊಂಡು, ಅವರನ್ನ ಒಬ್ಬೊಬ್ಬರನ್ನಾಗಿ ದಪ್ಪಗಿನವನ ಪಕ್ಕ ನಿಲ್ಲಿಸಿ ಇದೇ ಲೆಕ್ಕ ಇನ್ನೊಮ್ಮೆ ಹಾಕಿ. ಪೈಥಾನ್‌ನಲ್ಲಿ ನಲವತ್ತು ಸಾಲಿನ ಕೋಡ್ ಸಾಕು.